ದೈತ್ಯರಿಗೆ ಹೊಸ ಚರ್ಮ, ಕೈಗೆ ಹಳೆಯ ನೋವು

‘ಶ್ಯಾಡೋ ಆಫ್ ದಿ ಕೊಲೋಸಸ್’ ಎಂಬ ವಿಡಿಯೋ ಗೇಮಿನಲ್ಲಿ ಮೊದಲ ದೈತ್ಯನನ್ನು ಕೊಲ್ಲುವುದು ಅಂಥ ಕಷ್ಟವೇನಲ್ಲ. ಹಿಂದಿನಿಂದ ಹೋಗಿ ಕಾಲಿನ ರೋಮ ಹಿಡಿದು ಹತ್ತಬೇಕು. ಮೀನಖಂಡಕ್ಕೆ ಇರಿದರೆ ಮಂಡಿಯೂರುತ್ತಾನೆ. ಆಮೇಲೆ ಬೆನ್ನು, ಹೆಗಲು, ತಲೆ. ಕಷ್ಟ ಶುರುವಾಗುವುದು ಅವನು ಬಿದ್ದ ಮೇಲೆ. ಬೇರೆ ಗೇಮುಗಳಲ್ಲಿ ಇಷ್ಟು ದೊಡ್ಡ ಬಾಸ್ ಸತ್ತರೆ ತುತ್ತೂರಿ ಊದುತ್ತಾರೆ, ಪಾಯಿಂಟ್ ಕೊಡುತ್ತಾರೆ, ಹೊಸ ಆಯುಧವೊಂದನ್ನು ಕೈಗಿಡುತ್ತಾರೆ. ಇಲ್ಲಿ ಯಾರೋ ಹತ್ತಿರದವರು ತೀರಿಕೊಂಡ ಹಾಗೆ ಸಂಗೀತ ಕೇಳಿಸುತ್ತದೆ. ಸತ್ತ ದೈತ್ಯನ ಮೈಯಿಂದ ಕಪ್ಪು ಎಳೆಗಳು ಹೊರಬಂದು ನಾವು ಆಡಿಸುತ್ತಿರುವ ಹುಡುಗನ ಎದೆಗೇ ನಾಟುತ್ತವೆ. ಅವನು ಅಲ್ಲೇ ಕುಸಿದು ಬೀಳುತ್ತಾನೆ. ಗೆದ್ದೆವೋ ಸೋತೆವೋ ಗೊತ್ತಾಗದೆ ಕಂಟ್ರೋಲರ್ ಹಿಡಿದು ಕೂತಿರುತ್ತೇವೆ.

ಇಂಥ ಗೇಮಿಗೆ ರೀಮೇಕ್ ಮಾಡುವುದು ಅಂದರೆ ಏನು? ಮೂಲ ಬಂದದ್ದು 2005ರಲ್ಲಿ, ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 2ಕ್ಕೆ (ಪಿಎಸ್2). ರೀಮೇಕ್ ಬಂದದ್ದು 2018ರ ಫೆಬ್ರವರಿಯಲ್ಲಿ, ಪ್ಲೇಸ್ಟೇಷನ್ 4ಕ್ಕೆ. ಎರಡನ್ನೂ ಆಡಿದ್ದೇನೆ. ಈಚೆಗೆ ರೀಮೇಕನ್ನು ಮತ್ತೆ ಶುರುವಿನಿಂದ ಆಡಿದೆ. ‘ಹೇಗಿದೆ?’ ಅಂತ ಕೇಳಿದವರಿಗೆ ‘ಗ್ರಾಫಿಕ್ಸ್ ಸೂಪರ್’ ಅಂದುಬಿಟ್ಟರೆ ಮಾತು ಮುಗಿಯುತ್ತದೆ. ಅದು ಸುಳ್ಳೂ ಅಲ್ಲ. ಆದರೆ ಈ ಗೇಮಿನ ವಿಷಯದಲ್ಲಿ ಆ ಉತ್ತರಕ್ಕೆ ಅರ್ಥವೇ ಇಲ್ಲ. ಯಾಕೆ ಅಂತ ಹೇಳಲು ಸ್ವಲ್ಪ ಜಾಸ್ತಿ ಜಾಗ ಬೇಕು.

ಆಡದವರಿಗಾಗಿ ಕಥೆ ಹೇಳಿಬಿಡುತ್ತೇನೆ. ತುಂಬಾ ಚಿಕ್ಕದು. ವಾಂಡರ್ ಎಂಬ ಹುಡುಗ ಸತ್ತುಹೋದ ಹುಡುಗಿಯೊಬ್ಬಳನ್ನು ಕುದುರೆಯ ಮೇಲೆ ಮಲಗಿಸಿಕೊಂಡು, ಉದ್ದದ ಕಲ್ಲಿನ ಸೇತುವೆ ದಾಟಿ, ಯಾರೂ ಕಾಲಿಡಬಾರದ ನಾಡಿಗೆ ಬರುತ್ತಾನೆ. ಹುಡುಗಿಯ ಹೆಸರು ಮೋನೋ. ಕುದುರೆಯ ಹೆಸರು ಆಗ್ರೋ. ಅವನ ಕೈಯಲ್ಲಿರುವ ಕತ್ತಿ ಕದ್ದದ್ದು. ಆ ನಾಡಿನ ನಡುವಿನ ಗುಡಿಯಲ್ಲಿ ಡಾರ್ಮಿನ್ ಎಂಬುದೊಂದು ಮೇಲಿನಿಂದ ಮಾತಾಡುತ್ತದೆ. ಒಂದೇ ಬಾಯಲ್ಲಿ ಗಂಡು ದನಿ, ಹೆಣ್ಣು ದನಿ ಎರಡೂ. ಇವಳನ್ನು ಬದುಕಿಸಬೇಕಾದರೆ ಗುಡಿಯೊಳಗಿನ 16 ವಿಗ್ರಹಗಳು ಒಡೆಯಬೇಕು. ಅವು ಒಡೆಯಬೇಕಾದರೆ ಹೊರಗೆ ಓಡಾಡುವ 16 ದೈತ್ಯರು ಸಾಯಬೇಕು. ಇದಕ್ಕೆ ತೆರಬೇಕಾದ ಬೆಲೆ ದೊಡ್ಡದಿರಬಹುದು ಅಂತಲೂ ಅದು ಎಚ್ಚರಿಸುತ್ತದೆ. ಪರವಾಗಿಲ್ಲ ಅನ್ನುತ್ತಾನೆ ಹುಡುಗ. ಅಲ್ಲಿಂದ ಮುಂದೆ ಕೊನೆಯವರೆಗೂ ಮಾತುಕತೆ ಇಲ್ಲ ಅಂದರೂ ಸರಿ.

ಮಾಡಿದವನು ಫುಮಿಟೊ ಉಏಡ, ಸೋನಿಯ ಜಪಾನ್ ಸ್ಟುಡಿಯೋದಲ್ಲಿದ್ದ ಟೀಮ್ ಇಕೋ ತಂಡದ ಜೊತೆ. ಅದಕ್ಕೂ ಮೊದಲು 2001ರಲ್ಲಿ ಇದೇ ತಂಡ ‘ಇಕೋ’ ಎಂಬ ಗೇಮ್ ಮಾಡಿತ್ತು. ಉಏಡ ಓದಿದ್ದು ಕಲೆ. ಬೇಡದ್ದನ್ನೆಲ್ಲ ತೆಗೆಯುತ್ತಾ ಹೋಗುವುದು ಅವನ ದಾರಿ. ಊರು ತೆಗೆದ. ಅಂಗಡಿ ತೆಗೆದ. ದಾರಿಯಲ್ಲಿ ಸಿಗುವ ಚಿಲ್ಲರೆ ಶತ್ರುಗಳನ್ನು ತೆಗೆದ. ಉಳಿದದ್ದು ಒಂದು ಕತ್ತಿ, ಒಂದು ಬಿಲ್ಲು, ಒಂದು ಕುದುರೆ, 16 ದೈತ್ಯರು. ಮತ್ತೆ ಅವರ ನಡುವೆ ಬಯಲು, ಕಣಿವೆ, ಕೆರೆ, ಮರಳು. ಕತ್ತಿಯನ್ನು ಬಿಸಿಲಿಗೆ ಹಿಡಿದರೆ ಬೆಳಕು ಚದುರುತ್ತದೆ. ಸರಿಯಾದ ದಿಕ್ಕಿಗೆ ತಿರುಗಿದಾಗ ಆ ಕಿರಣಗಳೆಲ್ಲ ಒಂದೇ ಗೆರೆಯಾಗುತ್ತವೆ. ನೆರಳಿನಲ್ಲಿ ಅದು ಕೆಲಸ ಮಾಡುವುದಿಲ್ಲ. ದಾರಿ ಬೇಕಾದರೆ ಬಿಸಿಲಿಗೆ ಬರಬೇಕು. ದಾರಿಯುದ್ದಕ್ಕೂ ಸಂಗೀತವೂ ಇಲ್ಲ. ಗಾಳಿ, ಗೊರಸಿನ ಸದ್ದು, ಆಗಾಗ ‘ಆಗ್ರೋ’ ಅಂತ ಹುಡುಗ ಕೂಗುವ ದನಿ, ಅಷ್ಟೇ.

ಪಿಎಸ್2ಗೆ ಇದು ಮೀರಿದ ಕೆಲಸವಾಗಿತ್ತು. ಅದರ ಮುಖ್ಯ ಮೆಮೊರಿ 32 ಎಂಬಿ. ಈಗ ವಾಟ್ಸಾಪಿನಲ್ಲಿ ಬರುವ ಮದುವೆ ವಿಡಿಯೋ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲಿ ನಡೆದಾಡುವ ಬೆಟ್ಟದಂಥ ಪ್ರಾಣಿ, ಅದರ ಮೈಮೇಲೆ ಹುಡುಗ, ಅವನ ಕೈಯಲ್ಲಿ ರೋಮ, ಹಿಂದೆ ದಿಗಂತ, ಎಲ್ಲ ಹಿಡಿಯಬೇಕಿತ್ತು. ರೋಮವನ್ನು ಒಂದರ ಮೇಲೊಂದು ಪದರ ಇಟ್ಟು ತೋರಿಸಿದರು. ದೂರದ ಬೆಳಕನ್ನು ಕಣ್ಣು ಕುಕ್ಕುವ ಹಾಗೆ ಹಬ್ಬಿಸಿದರು. ಇಷ್ಟೆಲ್ಲ ಮಾಡುವಾಗ ಯಂತ್ರ ಏದುಸಿರು ಬಿಡುತ್ತಿತ್ತು. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ, ಬರಬೇಕಾದಲ್ಲಿ ಎಷ್ಟೋ ಸಲ 20ಕ್ಕಿಂತ ಕೆಳಗೆ ಇಳಿಯುತ್ತಿತ್ತು. ಆಗ ನಮ್ಮ ಕಡೆ ಪಿಎಸ್2 ಅಂದರೆ ಹೆಚ್ಚಾಗಿ ನಕಲಿ ಡಿಸ್ಕ್ ಓಡಲು ಚಿಪ್ ಹಾಕಿಸಿದ ಪಿಎಸ್2. ಡಿಸ್ಕ್ ಎಲ್ಲಿಂದ ಬರುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ನಾನು ಆಡಿದ್ದು ಹಾಲಿನ ಮೂಲೆಯಲ್ಲಿದ್ದ ಡಬ್ಬದಂಥ ಟಿವಿಯಲ್ಲಿ, ಮನೆಯವರ ಧಾರಾವಾಹಿ ಮುಗಿದ ಮೇಲೆ. ಚಿತ್ರ ಮಬ್ಬು. ದೂರದ್ದೆಲ್ಲ ಬಿಳಿ. ಎದುರಿಗೆ ಬರುತ್ತಿರುವುದು ಬಂಡೆಯೋ ಪ್ರಾಣಿಯೋ ಹತ್ತಿರ ಬರುವವರೆಗೂ ಗೊತ್ತಾಗುತ್ತಿರಲಿಲ್ಲ.

ರೀಮೇಕ್ ಮಾಡಿದ್ದು ಅಮೆರಿಕದ ಆಸ್ಟಿನ್‌ನ ಬ್ಲೂಪಾಯಿಂಟ್ ಗೇಮ್ಸ್. ಅವರಿಗೆ ಈ ಗೇಮ್ ಹೊಸದಲ್ಲ. 2011ರಲ್ಲಿ ‘ಇಕೋ’ ಜೊತೆ ಸೇರಿಸಿ ಇದನ್ನು ಪಿಎಸ್3ಗೆ ತಂದವರೂ ಅವರೇ. ಅದು ರಿಮಾಸ್ಟರ್. ಹಳೆಯ ಚಿತ್ರವನ್ನೇ ಒರೆಸಿ, ಚೂಪು ಮಾಡಿ ಕೊಟ್ಟಿದ್ದರು. 2018ರಲ್ಲಿ ಹಾಗಲ್ಲ. ಕಣ್ಣಿಗೆ ಕಾಣುವ ಪ್ರತಿಯೊಂದನ್ನೂ ಹೊಸದಾಗಿ ಮಾಡಿದರು. ಹುಲ್ಲು, ಕಲ್ಲು, ನೀರು, ರೋಮ, ಮುಖ, ಮೋಡ, ಒಂದನ್ನೂ ಬಿಡಲಿಲ್ಲ. ಆದರೆ ಅಡಿಯಲ್ಲಿ ಗೇಮನ್ನು ನಡೆಸುವ ಲೆಕ್ಕಾಚಾರವನ್ನು ಹಳೆಯದೇ ಇಟ್ಟುಕೊಂಡರು. ದೈತ್ಯ ಎಷ್ಟು ಹೊತ್ತಿಗೆ ಮೈ ಕೊಡವುತ್ತದೆ, ಹುಡುಗ ಹೇಗೆ ತಡವರಿಸಿ ಬೀಳುತ್ತಾನೆ, ಕುದುರೆ ಎಲ್ಲಿ ತಿರುಗುತ್ತದೆ ಅನ್ನುವುದೆಲ್ಲ 2005ರದ್ದೇ.

ಎಲ್ಲರೂ ಹೀಗೆ ಮಾಡುವುದಿಲ್ಲ. 1998ರ ‘ರೆಸಿಡೆಂಟ್ ಈವಿಲ್ 2’ 2019ರಲ್ಲಿ ಮತ್ತೆ ಬಂದಾಗ ಕ್ಯಾಮೆರಾವನ್ನೇ ಬದಲಿಸಿದರು. ಮೊದಲು ಕೋಣೆಯ ಮೂಲೆಯಲ್ಲಿ ಅಲುಗಾಡದೆ ನಿಂತಿದ್ದ ಕ್ಯಾಮೆರಾ ಈಗ ಹೆಗಲ ಹಿಂದೆ ಬಂತು. ಅಲ್ಲಿಗೆ ಆಡುವ ರೀತಿಯೇ ಬೇರೆಯಾಯಿತು. 1997ರ ‘ಫೈನಲ್ ಫ್ಯಾಂಟಸಿ 7’ 2020ರಲ್ಲಿ ಬಂದಾಗ ಕಥೆಗೇ ಕೈ ಹಾಕಿದರು. ಎರಡೂ ಒಳ್ಳೆಯ ಗೇಮುಗಳೇ. ಬ್ಲೂಪಾಯಿಂಟ್ ಹಿಡಿದ ದಾರಿ ಇನ್ನೊಂದು. ಕೈಗೆ ಹಳೆಯದು, ಕಣ್ಣಿಗೆ ಹೊಸದು.

ಮೊದಲು ಕಣ್ಣಿನ ಮಾತು. ಚೆನ್ನಾಗಿದೆ. ಚೆನ್ನಾಗಿದೆ ಅಂದರೆ, ಗುಡಿಯಿಂದ ಹೊರಬಂದು ಮೊದಲ ಸಲ ಬಯಲು ಕಂಡಾಗ ಕುದುರೆ ನಿಲ್ಲಿಸಿ ಸುಮ್ನೆ ನೋಡುತ್ತಾ ನಿಂತೆ. ಫೋಟೋ ತೆಗೆಯುವ ಮೋಡ್ ಬೇರೆ ಕೊಟ್ಟಿದ್ದಾರೆ. ಅದರಲ್ಲಿ ಕಳೆದ ಸಮಯ ನಿಜವಾಗಿ ಆಡಿದ ಸಮಯಕ್ಕಿಂತ ಕಡಿಮೆಯೇನಿಲ್ಲ. ಹುಲ್ಲು ಗಾಳಿಗೆ ಬಾಗುತ್ತದೆ. ಮರದ ಕೆಳಗಿನ ಬಿಸಿಲು ಚುಕ್ಕೆಚುಕ್ಕೆಯಾಗಿ ಬೀಳುತ್ತದೆ. ಕಲ್ಲಿನ ಮೇಲೆ ಪಾಚಿ ಕಟ್ಟಿದೆ, ಸಂದಿಯಲ್ಲಿ ಬಳ್ಳಿ ಹಬ್ಬಿದೆ.

ಆ ಪಾಚಿಯೇ ನನಗೆ ತಕರಾರು. ನಮ್ಮ ಊರುಗಳಲ್ಲಿ ಹಳೆಯ ದೇವಸ್ಥಾನದ ಜೀರ್ಣೋದ್ಧಾರ ಅಂದರೆ ಹೇಗಿರುತ್ತದೆ ಗೊತ್ತಲ್ಲ. ಕಂಬಗಳಿಗೆ ಆಯಿಲ್ ಪೇಂಟ್, ನೆಲಕ್ಕೆ ಗ್ರಾನೈಟ್, ಗೋಪುರಕ್ಕೆ ಗಿಳಿ ಹಸಿರು. ಹಳೆಯದನ್ನು ಹೊಸದು ಮಾಡುತ್ತಾರೆ. ಇಲ್ಲಿ ಅದು ತಿರುಗಾಮುರುಗಾ. ಮೂಲದಲ್ಲಿ ಬೋಳಾಗಿದ್ದ ಕಲ್ಲಿಗೆ ಹೊಸದಾಗಿ ಹಳೆತನ ಬಳಿದಿದ್ದಾರೆ. ಬಿರುಕು ಹಾಕಿದ್ದಾರೆ, ಕಳೆ ಬೆಳೆಸಿದ್ದಾರೆ. ನೋಡಿದ ಕೂಡಲೇ ‘ಓ, ಇದು ಪಾಳುಬಿದ್ದ ಜಾಗ’ ಅಂತ ಹೊಳೆಯುತ್ತದೆ. ಪಿಎಸ್2ನಲ್ಲಿ ಹಾಗೆ ಹೊಳೆಯುತ್ತಿರಲಿಲ್ಲ. ಅಲ್ಲಿ ನೆಲ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು, ಆಕಾಶ ಬೆಳ್ಳಗೆ ಸುಡುತ್ತಿತ್ತು. ಇಲ್ಲಿ ಯಾರಾದರೂ ಬದುಕಿದ್ದರೇ, ಇಲ್ಲವೇ, ಇದು ಸತ್ತವರ ಲೋಕವೇ ಅನ್ನುವ ಅನುಮಾನ ಕೊನೆಯವರೆಗೂ ಹೋಗುತ್ತಿರಲಿಲ್ಲ. ರೀಮೇಕಿನ ನಾಡು ಜೀವಂತವಾಗಿದೆ. ಪಿಕ್ನಿಕ್ಕಿಗೆ ಹೋಗೋಣ ಅನ್ನಿಸುವಷ್ಟು. ಬರಬಾರದ ಜಾಗಕ್ಕೆ ಬಂದಿದ್ದೇವೆ ಅನ್ನುವ ಅಂಜಿಕೆ ಅದರಲ್ಲಿ ಸ್ವಲ್ಪ ಕರಗಿಹೋಗಿದೆ.

ಮೂಲದ ಮಬ್ಬು ಬೇಕಂತಲೇ ಮಾಡಿದ್ದೋ, ಯಂತ್ರದ ಬಡತನವೋ ಅಂತ ನೀವು ಕೇಳಬಹುದು. ಎರಡೂ ಇರಬೇಕು. ದೂರದ್ದನ್ನು ಪೂರ್ತಿ ಬಿಡಿಸಲು ಆಗದಿದ್ದಾಗ ಬೆಳಕಿನಲ್ಲಿ ಮುಳುಗಿಸುವುದು ಜಾಣತನ. ಆದರೆ ಆ ಬೆಳಕು ಗೇಮಿನ ಭಾವಕ್ಕೆ ಹೊಂದಿಕೊಂಡು ಹೋದ ಮೇಲೆ, ಅದು ಬಡತನದಿಂದ ಬಂತೋ ಆಸೆಯಿಂದ ಬಂತೋ ಅಂತ ಬೇರೆ ಮಾಡಿ ಏನಾಗಬೇಕು? ರೀಮೇಕ್ ಮಾಡುವವರಿಗೆ ಇರುವ ನಿಜವಾದ ಪೇಚು ಇದೇ. ಮಾಡಿದವರ ಮನಸ್ಸಿನಲ್ಲಿ ಇದ್ದದ್ದನ್ನು ತೋರಿಸಬೇಕೋ, ಆಡಿದವರ ಕಣ್ಣಿಗೆ ಬಿದ್ದದ್ದನ್ನು ತೋರಿಸಬೇಕೋ? ಬ್ಲೂಪಾಯಿಂಟ್ ಮೊದಲನೆಯದನ್ನು ಊಹಿಸಿ ಕೆಲಸ ಮಾಡಿದ ಹಾಗಿದೆ.

ಫ್ರೇಮ್ ರೇಟ್ ವಿಷಯವೂ ಹೀಗೇ. ಪಿಎಸ್2ನಲ್ಲಿ ದೈತ್ಯನ ಕಾಲು ನೆಲಕ್ಕೆ ಬಿದ್ದು ಧೂಳು ಎದ್ದಾಗ ಇಡೀ ಗೇಮ್ ಒಂದು ಕ್ಷಣ ಜಗ್ಗಿದ ಹಾಗಾಗುತ್ತಿತ್ತು. ಆ ಪ್ರಾಣಿಯ ಭಾರ ಯಂತ್ರಕ್ಕೂ ತಟ್ಟಿದೆ ಅನ್ನಿಸುತ್ತಿತ್ತು. ರೀಮೇಕಿನಲ್ಲಿ, ಪಿಎಸ್4ರ ಹೆಚ್ಚು ಶಕ್ತಿಯ ಮಾದರಿಯಾದ ಪಿಎಸ್4 ಪ್ರೋ ಇದ್ದರೆ ಸೆಕೆಂಡಿಗೆ 60 ಫ್ರೇಮ್ ಆಯ್ದುಕೊಳ್ಳಬಹುದು. ಬೆಣ್ಣೆಯ ಹಾಗೆ ಓಡುತ್ತದೆ. ಇದರಲ್ಲಿ ಮಾತ್ರ ನಾನು ಹಳೆಯದರ ಪರ ವಾದ ಮಾಡುವುದಿಲ್ಲ. ಜಗ್ಗುವುದನ್ನು ಪ್ರೀತಿಸುವುದು ಅರ್ಧ ನೆನಪಿನ ಮೋಹ. ಆಗ ಅದೇ ಜಗ್ಗಾಟಕ್ಕೆ ಎಷ್ಟು ಸಲ ಕೆಳಗೆ ಬಿದ್ದು ಬೈದುಕೊಂಡಿದ್ದೇನೆ ಅಂತ ನನಗೆ ಗೊತ್ತು.

ಇನ್ನು ವಾಂಡರನ ಮುಖ. ರೀಮೇಕ್ ಬಂದಾಗ ಹಳೆಯ ಅಭಿಮಾನಿಗಳು ಅತಿ ಜಾಸ್ತಿ ಗಲಾಟೆ ಮಾಡಿದ್ದರಲ್ಲಿ ಇದೂ ಒಂದು. ಮುಖ ಬೇರೆಯಾಗಿದೆ, ನಿಜ. ಹೆಚ್ಚು ಎಳೆಯದು, ಹೆಚ್ಚು ನಯ. ಮೂಲದಲ್ಲಿ ಅವನ ಮುಖ ಅರ್ಧ ಕೂದಲಲ್ಲಿ, ಅರ್ಧ ಬೆಳಕಿನಲ್ಲಿ ಮುಚ್ಚಿಹೋಗಿರುತ್ತಿತ್ತು. ಹಾಗಾಗಿ ಅವನು ಒಳ್ಳೆಯವನೋ ಕೆಟ್ಟವನೋ ಅಂತ ಮುಖ ನೋಡಿ ಹೇಳಲು ಆಗುತ್ತಿರಲಿಲ್ಲ. ಇಲ್ಲಿ ಪಾಪದ ಹುಡುಗ ಅನ್ನಿಸುತ್ತಾನೆ. ಆದರೆ ಇದರಿಂದ ಒಂದು ಲಾಭವೂ ಇದೆ. ದೈತ್ಯರು ಒಬ್ಬೊಬ್ಬರಾಗಿ ಸಾಯುತ್ತಿದ್ದ ಹಾಗೆ ವಾಂಡರನ ಚರ್ಮ ಬಿಳಿಚಿಕೊಳ್ಳುತ್ತದೆ, ಕೂದಲು ಕಪ್ಪಾಗುತ್ತದೆ, ಮುಖದ ಮೇಲೆ ಕಪ್ಪು ಗೆರೆ ಏಳುತ್ತವೆ. ಮೂಲದಲ್ಲಿ ಅರ್ಧ ಗೇಮ್ ಮುಗಿಯುವವರೆಗೂ ನಾನು ಇದನ್ನು ಗಮನಿಸಿರಲಿಲ್ಲ. ಇಲ್ಲಿ ಎಳೆಯ ಮುಖವೊಂದು ಕೆಡುತ್ತಾ ಹೋಗುವುದು ಕಣ್ಣಿಗೆ ಹೊಡೆದು ಕಾಣುತ್ತದೆ. ಅತ್ತ ಮೋನೋ ಮಲಗಿರುವ ಕಲ್ಲಿನ ಸುತ್ತ ಒಂದೊಂದು ಸಾವಿಗೂ ಒಂದೊಂದು ಬಿಳಿ ಪಾರಿವಾಳ ಬಂದು ಸೇರುತ್ತದೆ. ಅದನ್ನೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಇಷ್ಟು ಕಣ್ಣಿನ ಮಾತು. ನಾನು ಬರೆಯಲು ಕೂತದ್ದು ಕೈಯ ಮಾತಿಗೆ.

ಈ ಗೇಮಿನಲ್ಲಿ ಹತ್ತುವುದು ಅಂದರೆ ಒಂದು ಬಟನ್ ಒತ್ತಿ ಬಿಡುವುದಲ್ಲ, ಒತ್ತಿ ಹಿಡಿಯುವುದು. ಮೂಲದಲ್ಲಿ ಆರ್1 ಬಟನ್, ರೀಮೇಕಿನಲ್ಲಿ ಆರ್2. ಬಿಟ್ಟರೆ ಹುಡುಗ ಬೀಳುತ್ತಾನೆ. ಪರದೆಯ ಮೂಲೆಯಲ್ಲಿ ಒಂದು ವೃತ್ತವಿದೆ, ಅದು ಅವನ ಕೈಯ ಶಕ್ತಿ. ಹಿಡಿದಷ್ಟೂ ಅದು ಕುಗ್ಗುತ್ತದೆ. ದೈತ್ಯ ಮೈ ಕೊಡವಿದಾಗ ಇರಿಯಲು ಆಗುವುದಿಲ್ಲ, ಸುಮ್ಮನೆ ಜೋತು ಬೀಳಬೇಕು. ಅದು ಶಾಂತವಾದ ಮೇಲೆ ಎರಡು ಹೆಜ್ಜೆ. ಮತ್ತೆ ಕೊಡವುತ್ತದೆ, ಮತ್ತೆ ಹಿಡಿ. ಹತ್ತು ನಿಮಿಷ ಆಗುವಷ್ಟರಲ್ಲಿ ಹುಡುಗನಿಗೆ ಮಾತ್ರವಲ್ಲ, ನಮಗೂ ಬೆರಳು ಬಿಗಿದುಕೊಂಡಿರುತ್ತದೆ. ಹೊಸ ಗೇಮುಗಳಲ್ಲಿ ಹತ್ತುವುದು ಎಷ್ಟು ಸಲೀಸು ಅಂದರೆ, ಕಂಟ್ರೋಲರಿನ ಕಡ್ಡಿಯನ್ನು ಮುಂದೆ ತಳ್ಳಿದರೆ ನಾಯಕ ತಾನೇ ಮಂಗನ ಹಾಗೆ ಏರಿಹೋಗುತ್ತಾನೆ. ಇಲ್ಲಿ ಅದನ್ನು ಸುಲಭ ಮಾಡಲು ಬ್ಲೂಪಾಯಿಂಟಿನವರಿಗೆ ಎಷ್ಟು ಆಸೆಯಾಗಿರಬೇಕು! ಮಾಡಲಿಲ್ಲ. ಬಟನ್ನಿನ ಜಾಗ ಬದಲಿಸಿದರು, ಹಾರುವುದನ್ನು ಟ್ರಯಾಂಗಲ್‌ನಿಂದ ಎಕ್ಸ್‌ಗೆ ತಂದರು, ಹಳೆಯ ಜೋಡಣೆ ಬೇಕಾದವರಿಗೆ ಅದನ್ನೂ ಇಟ್ಟರು. ಹಿಡಿತವನ್ನು ಹಿಡಿತವಾಗಿಯೇ ಬಿಟ್ಟರು.

ಇರಿಯುವುದೂ ಹಾಗೇ. ಕತ್ತಿ ಎತ್ತಲು ಒಂದು ಸಲ ಒತ್ತಬೇಕು, ಇಳಿಸಲು ಇನ್ನೊಂದು ಸಲ. ಎತ್ತಿ ಕಾದಷ್ಟೂ ಏಟು ಜೋರಾಗುತ್ತದೆ. ಅಂದರೆ ಒಳ್ಳೆಯ ಏಟು ಹಾಕಬೇಕಾದರೆ ಕಾಯಬೇಕು. ಆ ಕಾಯುವ ಒಂದೆರಡು ಕ್ಷಣದಲ್ಲಿ ಕೆಳಗಿನ ಪ್ರಾಣಿ ಉಸಿರಾಡುತ್ತಿರುತ್ತದೆ. ಸುತ್ತ ಬಯಲು ಕಾಣುತ್ತಿರುತ್ತದೆ. ಬೇಡ ಅಂತ ನಿಲ್ಲಿಸಲು ಸಮಯ ಇರುತ್ತದೆ. ನಿಲ್ಲಿಸುವುದಿಲ್ಲ. ಒತ್ತುತ್ತೇವೆ. ಕಪ್ಪು ರಕ್ತ ಚಿಮ್ಮುತ್ತದೆ. ಈ ಗೇಮಿನ ಪಾಪಪ್ರಜ್ಞೆ ಪೂರ್ತಿ ಇರುವುದು ಆ ಎರಡನೆಯ ಒತ್ತಿನಲ್ಲಿ. ಕಥೆಯಲ್ಲಿ ಅಲ್ಲ, ಚಿತ್ರದಲ್ಲೂ ಅಲ್ಲ. ರೀಮೇಕಿನವರು ಇದನ್ನು ಮುಟ್ಟದೆ ಬಿಟ್ಟಿದ್ದಾರೆ. ಹಾಗಾಗಿ ಪಾಚಿ, ಬಳ್ಳಿ, ಹುಡುಗನ ಮುಖ ಎಲ್ಲವನ್ನೂ ನಾನು ಮನ್ನಿಸಲು ತಯಾರಿದ್ದೇನೆ.

ಕುದುರೆಯ ವಿಷಯಕ್ಕೆ ಬಂದರೆ ಮನೆಯಲ್ಲೇ ಜಗಳವಾಯಿತು. ಅಕ್ಕನ ಮಗ ರಜೆಗೆ ಬಂದಿದ್ದ. ಹೈಸ್ಕೂಲು ಹುಡುಗ. ಫೋನಿನಲ್ಲಿ ಬಿಜಿಎಂಐ ಎಂಬ ಶೂಟಿಂಗ್ ಗೇಮ್ ಆಡಿ ಬೆಳೆದವನು. ಅವನ ಕೈಗೆ ಕಂಟ್ರೋಲರ್ ಕೊಟ್ಟೆ.

‘ಮಾವಾ, ಈ ಕುದುರೆ ಮಾತೇ ಕೇಳಲ್ಲ. ಬಗ್ ಇದೆ ಇದ್ರಲ್ಲಿ.’

‘ಬಗ್ ಅಲ್ಲ ಕಣೋ. ಅದಕ್ಕೂ ಒಂದು ಬುದ್ಧಿ ಇದೆ. ನೀನು ಸ್ಟೀರಿಂಗ್ ತಿರುಗಿಸಿದ ಹಾಗೆ ತಿರುಗಿಸ್ತಾ ಇದೀಯ.’

‘ಮತ್ತೆ ಹೇಗೆ ತಿರುಗಿಸ್ಬೇಕು?’

‘ಓಡಿಸು, ಬಿಟ್ಟುಬಿಡು. ದಾರಿ ಅದೇ ನೋಡ್ಕೊಳ್ಳುತ್ತೆ.’

ನಂಬಲಿಲ್ಲ. ಆದರೆ ನಿಜ ಅದೇ. ಕಿರಿದಾದ ಸೇತುವೆಯ ಮೇಲೆ, ಮರಗಳ ನಡುವೆ ಆಗ್ರೋವನ್ನು ಅದರ ಪಾಡಿಗೆ ಬಿಟ್ಟರೆ ತಾನೇ ದಾರಿ ಹಿಡಿದು ಹೋಗುತ್ತದೆ. ಬಂಡೆಗೆ ಗುದ್ದಿಸಲು ಹೋದರೆ ನಿಲ್ಲುತ್ತದೆ. ಕೂಗಿದ ತಕ್ಷಣ ಬರುವುದಿಲ್ಲ, ತನಗೆ ಬರಬೇಕು ಅನ್ನಿಸಿದಾಗ ಬರುತ್ತದೆ. ಬೇರೆ ಗೇಮುಗಳ ಕುದುರೆ ಬೈಕು ಇದ್ದ ಹಾಗೆ. ಇದು ಪ್ರಾಣಿ. 2018ರಲ್ಲಿ ವಿಮರ್ಶೆ ಬರೆದ ಎಷ್ಟೋ ಜನ ಕ್ಯಾಮೆರಾ ಮತ್ತು ಕುದುರೆ ‘ಹಳೆಯ ಕಾಲದ್ದಾಗಿವೆ’ ಅಂತ ಗೊಣಗಿದ್ದರು. ಕ್ಯಾಮೆರಾ ವಿಷಯದಲ್ಲಿ ನಾನೂ ಒಪ್ಪುತ್ತೇನೆ. ದೈತ್ಯನ ಕಂಕುಳಲ್ಲಿ ಜೋತುಬಿದ್ದಾಗ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ ದೇವರಿಗೇ ಗೊತ್ತು. ಕುದುರೆಯ ವಿಷಯದಲ್ಲಿ ಮಾತ್ರ ಇಲ್ಲ. ಹದಿನಾರನೆಯ ದೈತ್ಯನ ದಾರಿಯಲ್ಲಿ ಸೇತುವೆ ಕುಸಿಯುವಾಗ ಆಗ್ರೋ ಏನು ಮಾಡುತ್ತದೆ ಅಂತ ಆಡಿದವರಿಗೆ ಗೊತ್ತು. ಹೇಳಿದ ಮಾತನ್ನೆಲ್ಲ ಕೇಳುವ ಬೈಕು ಬಿದ್ದಿದ್ದರೆ ಯಾರಿಗೆ ಹೊಟ್ಟೆ ಉರಿಯುತ್ತಿತ್ತು?

ಹದಿಮೂರನೆಯ ದೈತ್ಯನ ಬಗ್ಗೆ ಬರೆಯದಿದ್ದರೆ ಆಗುವುದಿಲ್ಲ. ಅಭಿಮಾನಿಗಳು ಅದನ್ನು ಫೇಲಾಂಕ್ಸ್ ಅಂತ ಕರೆಯುತ್ತಾರೆ. ಮರಳುಗಾಡು. ನೆಲ ನಡುಗುತ್ತದೆ. ಮರಳಿನೊಳಗಿಂದ ಹಾವಿನಂಥ ಉದ್ದನೆಯ ಜೀವವೊಂದು ಎದ್ದು ಆಕಾಶಕ್ಕೆ ಏರುತ್ತದೆ. ಹೊಟ್ಟೆಯ ಕೆಳಗೆ ಗಾಳಿ ತುಂಬಿದ ಚೀಲಗಳು. ಅವಕ್ಕೆ ಬಾಣ ಬಿಟ್ಟರೆ ಅದು ಕೆಳಗಿಳಿದು, ರೆಕ್ಕೆಗಳನ್ನು ಮರಳಿಗೆ ತಾಗಿಸಿಕೊಂಡು ಹಾರುತ್ತದೆ. ಆಗ ಕುದುರೆಯನ್ನು ಅದರ ಪಕ್ಕಕ್ಕೆ ಓಡಿಸಿ, ಜೀನಿನ ಮೇಲೆ ಎದ್ದು ನಿಂತು, ರೆಕ್ಕೆಗೆ ಹಾರಬೇಕು. ಇಷ್ಟು ರೋಮಾಂಚನ ಕೊಡುವ ಕ್ಷಣ ಗೇಮುಗಳಲ್ಲಿ ನಾನು ಜಾಸ್ತಿ ಕಂಡಿಲ್ಲ. ವಾದ್ಯಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಸಂಗೀತ ಕೋ ಒಟಾನಿಯದು. ರೀಮೇಕಿನಲ್ಲೂ ಅದೇ ಸಂಗೀತ.

ಆದರೆ ಈ ಪ್ರಾಣಿ ನಮಗೆ ಏನೂ ಮಾಡಿರುವುದಿಲ್ಲ. ಕೊನೆಯವರೆಗೂ ಒಮ್ಮೆಯೂ ಮೇಲೆ ಬೀಳುವುದಿಲ್ಲ. ಬಾಣ ತಗುಲಿದರೂ ತಿರುಗಿ ಹೊಡೆಯುವುದಿಲ್ಲ, ತಪ್ಪಿಸಿಕೊಳ್ಳುತ್ತದೆ ಅಷ್ಟೇ. ನಾವೇ ಅಟ್ಟಿಸಿಕೊಂಡು ಹೋಗಿ, ಹತ್ತಿ, ಇರಿದು ಕೆಡವುತ್ತೇವೆ. ಮೊದಲ ಸಲ ಪಿಎಸ್2ನಲ್ಲಿ ಆಡಿದಾಗ ಇದು ನನಗೆ ತಿಳಿಯಲೇ ಇಲ್ಲ. ಎಲ್ಲ ಬಿಸಿಲಿನ ಝಳದಂತೆ ಕಲಸಿಹೋಗಿತ್ತು, ನನಗೆ ಗೆಲ್ಲುವ ಹುಮ್ಮಸ್ಸು. ರೀಮೇಕಿನಲ್ಲಿ ಅದರ ಬೆನ್ನಿನ ರೋಮ ಗಾಳಿಗೆ ಮಲಗುವುದು ಕಾಣುತ್ತದೆ. ಕತ್ತಿ ಎತ್ತಿ ಕಾಯುವಾಗ ಕೆಳಗೆ ಮರಳ ದಿಣ್ಣೆಗಳು ನಿಧಾನಕ್ಕೆ ಜಾರುತ್ತವೆ. ಇಷ್ಟು ಚೆಂದದ ಹಾರಾಟವನ್ನು ಯಾಕೆ ನಿಲ್ಲಿಸುತ್ತಿದ್ದೇನೆ ಅಂತ ಆಗಲೇ ಅನ್ನಿಸಿತು. ಹನ್ನೊಂದನೆಯದರಲ್ಲೂ ಹೀಗೇ ಆಯಿತು. ಅದು ಗೂಳಿಯಷ್ಟೇ ಚುರುಕು, ಉಳಿದವಕ್ಕೆ ಹೋಲಿಸಿದರೆ ಚಿಕ್ಕದು, ಬೆಂಕಿ ಕಂಡರೆ ಪ್ರಾಣಭಯ. ಪಂಜು ಹಿಡಿದು ಹೆದರಿಸುತ್ತಾ ಅದನ್ನು ಬಂಡೆಯ ಅಂಚಿನಿಂದ ಕೆಳಗೆ ಬೀಳಿಸಬೇಕು. ಹಿಂದೆ ಹಿಂದೆ ಸರಿಯುವ ಆ ಪ್ರಾಣಿಯನ್ನು ಇಷ್ಟು ಸ್ಪಷ್ಟವಾಗಿ ನೋಡಿದ ಮೇಲೆ ಪಂಜು ಹಿಡಿದವನ ಮೇಲೇ ಸಿಟ್ಟು ಬರುತ್ತದೆ.

ಹಾಗಾಗಿ ಹೊಸ ಚಿತ್ರ ಕೆಡಿಸಿತು ಅಂತ ಒಂದೇ ಮಾತಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. ನಾಡನ್ನು ತೋರಿಸುವಾಗ ಜಾಸ್ತಿ ತೋರಿಸಿ ಎಡವಿತು. ದೈತ್ಯರನ್ನು ತೋರಿಸುವಾಗ ಜಾಸ್ತಿ ತೋರಿಸಿದ್ದೇ ಒಳ್ಳೆಯದಾಯಿತು.

ನಾಣ್ಯಗಳ ವಿಷಯ ಮಾತ್ರ ಬೇಡವಾಗಿತ್ತು. ರೀಮೇಕಿನಲ್ಲಿ ನಾಡಿನ ಮೂಲೆಮೂಲೆಯಲ್ಲಿ 79 ಹೊಳೆಯುವ ನಾಣ್ಯ ಬಚ್ಚಿಟ್ಟಿದ್ದಾರೆ. ಎಲ್ಲ ಹೆಕ್ಕಿದರೆ ಗುಡಿಯಲ್ಲಿ ಒಂದು ಬಾಗಿಲು ತೆರೆದು ವಿಶೇಷ ಕತ್ತಿ ಸಿಗುತ್ತದೆ. ಇದರ ಹಿಂದೆ ಒಂದು ಪ್ರೀತಿಯ ಕಥೆ ಇದೆ, ಇಲ್ಲ ಅನ್ನುವುದಿಲ್ಲ. ಮೂಲ ಗೇಮ್ ಬಂದ ಮೇಲೆ ವರ್ಷಗಟ್ಟಲೆ ಅಭಿಮಾನಿಗಳು ಆ ಖಾಲಿ ನಾಡಿನಲ್ಲಿ ಏನೋ ಕೊನೆಯ ರಹಸ್ಯ ಇದೆ ಅಂತ ಹುಡುಕಿದ್ದರು. ಕಲ್ಲು ಕಲ್ಲು ತಡವಿದ್ದರು. ಗುಡಿಯ ಗೋಡೆ ಹತ್ತಿ ಮೇಲಿನ ತೋಟ ತಲುಪಿದವರಿಗೆ ಹಣ್ಣು ಸಿಕ್ಕಿತು, ರಹಸ್ಯ ಸಿಗಲಿಲ್ಲ. ಆ ಹುಡುಕಾಟಕ್ಕೆ ನಮಸ್ಕಾರ ಹೇಳಲು ಬ್ಲೂಪಾಯಿಂಟ್ ಈ ನಾಣ್ಯ ಇಟ್ಟಿರಬೇಕು. ಆದರೆ ಅಷ್ಟು ಜನ ಹುಡುಕಿದ್ದೇ ಅಲ್ಲಿ ಏನೂ ಇಲ್ಲದ್ದಕ್ಕೆ. ನಾಣ್ಯ ಇಟ್ಟ ಕೂಡಲೇ ಅದು ಹೆಕ್ಕುವ ಕೆಲಸವಾಯಿತು, ಲೆಕ್ಕ ಇಡುವ ಕೆಲಸವಾಯಿತು. ಅಕ್ಕನ ಮಗ ಮೊದಲ ನಾಣ್ಯ ಸಿಕ್ಕ ಮೇಲೆ ಬೆಟ್ಟ ನೋಡುವುದನ್ನು ಬಿಟ್ಟು ನೆಲ ನೋಡಲು ಶುರು ಮಾಡಿದ.

ರೀಮೇಕ್ ಅಂದ ಕೂಡಲೇ ಗ್ರಾಫಿಕ್ಸ್ ಒಂದನ್ನೇ ನೋಡುವ ಚಟ ಆಡುವವರದ್ದೂ ಹೌದು. 2003ರ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ನೆನಪಿದೆಯಾ? ಕಥೆ ಶುರುವಾಗುವುದೇ ಭಾರತದ ಮಹಾರಾಜನೊಬ್ಬನ ಅರಮನೆಯ ಮೇಲಿನ ದಾಳಿಯಿಂದ. ಅದರ ರೀಮೇಕನ್ನು ಯೂಬಿಸಾಫ್ಟ್ ಕಂಪನಿ ತನ್ನ ಪುಣೆ ಮತ್ತು ಮುಂಬೈ ಸ್ಟುಡಿಯೋಗಳಿಗೆ ಒಪ್ಪಿಸಿತು. 2020ರ ಸೆಪ್ಟೆಂಬರಿನಲ್ಲಿ ಟ್ರೈಲರ್ ಬಂತು. ರಾಜಕುಮಾರನ ಮುಖ ನೋಡಿ ಇಂಟರ್ನೆಟ್ ನಕ್ಕಿತು. ಮುಂದೂಡಿದರು, ಮತ್ತೆ ಮುಂದೂಡಿದರು. 2022ರಲ್ಲಿ ಕೆಲಸ ಕಂಪನಿಯ ಕೆನಡಾದ ಮಾಂಟ್ರಿಯಲ್ ಸ್ಟುಡಿಯೋಗೆ ಹೋಯಿತು. ಆ ರಾಜಕುಮಾರ ಗೋಡೆಯ ಮೇಲೆ ಓಡುವಾಗ ಕೈಗೆ ಹೇಗನ್ನಿಸುತ್ತಿತ್ತು, ಕಾಲವನ್ನು ಹಿಂದಕ್ಕೆ ಸುತ್ತುವ ಬಟನ್ ಒತ್ತಿದಾಗ ಹಳೆಯ ಖುಷಿ ಇತ್ತಾ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ. ಟ್ರೈಲರಿನಲ್ಲಿ ಅದು ಕಾಣುವುದೂ ಇಲ್ಲ ಬಿಡಿ. ನಮ್ಮ ದೇಶದ ಹುಡುಗರು ಕೈ ಹಾಕಿದ ಅಷ್ಟು ದೊಡ್ಡ ಗೇಮ್ ಹಾಗಾಯಿತಲ್ಲ ಅಂತ ನನಗೆ ಇವತ್ತಿಗೂ ಬೇಜಾರಿದೆ.

ರೀಮೇಕಿನ ಮೇಲೆ ನನಗಿರುವ ದೊಡ್ಡ ದೂರು ಗೇಮಿನ ಒಳಗಿನದ್ದೇ ಅಲ್ಲ. ಹೊಸದು ಬಂದ ಮೇಲೆ ಹಳೆಯದು ಸಿಗುವುದು ಕಷ್ಟವಾಗಿದೆ. ಪಿಎಸ್2 ಡಿಸ್ಕ್ ಹುಡುಕಬೇಕು, ಅದನ್ನು ಓದುವ ಯಂತ್ರ ಕೆಡದೆ ಇರಬೇಕು. 2011ರದ್ದು ಬೇಕಾದರೆ ಪಿಎಸ್3 ಬೇಕು. ಈಗ ಯಾರಾದರೂ ‘ಶ್ಯಾಡೋ ಆಫ್ ದಿ ಕೊಲೋಸಸ್ ಆಡಿದೆ’ ಅಂದರೆ ಸಾಮಾನ್ಯವಾಗಿ ಬ್ಲೂಪಾಯಿಂಟಿನದ್ದನ್ನು ಆಡಿದೆ ಅಂತ ಅರ್ಥ. ಇದಕ್ಕೆ ಉಪಾಯ ಇರಲಿಲ್ಲ ಅಂತಲ್ಲ. 2009ರಲ್ಲಿ ‘ಮಂಕಿ ಐಲೆಂಡ್’ ಹೊಸ ರೂಪದಲ್ಲಿ ಬಂದಾಗ ಒಂದು ಬಟನ್ ಒತ್ತಿದರೆ ಹಳೆಯ ಚಿತ್ರ ಕಾಣುತ್ತಿತ್ತು. 2011ರ ‘ಹೇಲೋ’ ಹತ್ತನೇ ವರ್ಷದ ಆವೃತ್ತಿಯಲ್ಲೂ ಹಾಗೇ, ಆಡುತ್ತಾ ಆಡುತ್ತಾ ಹಳೆಯದಕ್ಕೂ ಹೊಸದಕ್ಕೂ ದಾಟಬಹುದು. ಅಡಿಯಲ್ಲಿ ಹಳೆಯ ಲೆಕ್ಕಾಚಾರವೇ ಇರುವಾಗ ಇಲ್ಲೂ ಅಂಥದ್ದೊಂದು ಬಟನ್ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ? ಪಾಚಿ ಇರುವ ಕಲ್ಲು, ಇಲ್ಲದ ಕಲ್ಲು, ಎರಡನ್ನೂ ನೋಡಿ ಅವರವರೇ ತೀರ್ಮಾನಿಸಿಕೊಳ್ಳಬಹುದಿತ್ತು.

ಹಾಗಿದ್ದರೂ, ಆಡದವರು ಯಾವುದನ್ನು ಆಡಬೇಕು ಅಂತ ಕೇಳಿದರೆ ರೀಮೇಕನ್ನೇ ಆಡಿ ಅನ್ನುತ್ತೇನೆ. ಡಿಸ್ಕಿಗಾಗಿ ಅಲೆಯಬೇಡಿ. ಕೈಗೆ ಸಿಗಬೇಕಾದದ್ದು ಇದರಲ್ಲಿ ಪೂರ್ತಿ ಸಿಗುತ್ತದೆ. ಮೊದಲ ಸಲ ಆಡುವಾಗ ನಾಣ್ಯಗಳ ಕಡೆ ತಲೆಹಾಕಬೇಡಿ. ಕುದುರೆಯನ್ನು ಅದರ ಪಾಡಿಗೆ ಬಿಡಿ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆಡಿದರೆ ಇನ್ನೂ ವಾಸಿ, ಗಾಳಿಯ ಸದ್ದನ್ನು ತುಂಬಾ ಚೆನ್ನಾಗಿ ಮಾಡಿದ್ದಾರೆ. ಒಂದು ದಿನಕ್ಕೆ ಎರಡು ದೈತ್ಯರಿಗಿಂತ ಹೆಚ್ಚು ಬೇಡ. ಬೆರಳು ನೋಯುತ್ತದೆ ಅನ್ನುವುದೂ ಒಂದು ಕಾರಣ. ಎಲ್ಲಿ ಹತ್ತಬೇಕು ಅಂತ ಹೊಳೆಯದಿದ್ದರೆ ಯೂಟ್ಯೂಬಿಗೆ ಓಡಬೇಡಿ, ಸ್ವಲ್ಪ ಹೊತ್ತು ಆ ಪ್ರಾಣಿಯನ್ನೇ ನೋಡುತ್ತಾ ನಿಲ್ಲಿ. ಕೆರೆಯ ನಡುವೆ ಕಲ್ಲಿನ ಕತ್ತಿ ಹಿಡಿದು ನಿಂತಿರುವ ಮೂರನೆಯವನ ಹತ್ತಿರ ಸಿಕ್ಕಿಹಾಕಿಕೊಂಡರೆ ಮಾತ್ರ ನೋಡಿ. ಅಲ್ಲಿ ನಾನೂ ನೋಡಿದ್ದೆ.